ಒಂದು ಹೆಕ್ಟೇರ್ ಗುಡ್ಡದ ಬೆಲೆ

ಗಣಿಗೆಂದು ಬಗೆದ ಒಂದು ಹೆಕ್ಟೇರ್ ಜಾಗವನ್ನು ಮತ್ತೆ ಹುಲ್ಲು ಹುಟ್ಟುವ ನೆಲವಾಗಿ ಮಾಡಲು ಎಷ್ಟು ದುಡ್ಡು ಬೇಕು? ನಮ್ಮ ದೇಶದ ಕಾನೂನು ಹದಿನೈದು ವರ್ಷದೊಳಗೆ ಇದಕ್ಕೆ ನಾಲ್ಕು ಉತ್ತರ ಕೊಟ್ಟಿದೆ. 2003ರಲ್ಲಿ, ಯಂತ್ರ ಹಚ್ಚಿ ಅಗೆಯುವ ದೊಡ್ಡ ಕಬ್ಬಿಣದ ಗಣಿಗೆ 25 ಸಾವಿರ ರೂಪಾಯಿ. 2009ರಲ್ಲಿ, ತೆರೆದ ಕಲ್ಲಿದ್ದಲು ಗಣಿಗೆ 6 ಲಕ್ಷ. 2013ರಲ್ಲಿ, ಗುತ್ತಿಗೆಯ ಗಡಿ ದಾಟಿ ಅಗೆದ ಕಬ್ಬಿಣದ ಗಣಿಗೆ 5 ಕೋಟಿ. 2017ರಲ್ಲಿ, ಮತ್ತೆ ದೊಡ್ಡ ಗಣಿಗೆ, 3 ಲಕ್ಷ. ನಾಲ್ಕೂ ಒಂದೇ ಜಾತಿಯ ಲೆಕ್ಕವಲ್ಲ. ಮೂರು ಠೇವಣಿ, ಒಂದು ದಂಡ. ಆದರೂ ಇವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತುಮಕೂರು ಜಿಲ್ಲೆಯ ಪಡುವಣ ಗುಡ್ಡಗಳ ಇತ್ತೀಚಿನ ಚರಿತ್ರೆ ಬಹುಪಾಲು ಅದರಲ್ಲೇ ಸಿಗುತ್ತದೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ. ಇಲ್ಲಿನ ಬಂಡೆಗಳು ಕಲ್ಲಿದ್ದಲಿಗಿಂತ ಎಷ್ಟೋ ಹಳೆಯವು. ಗದಗದ ಕಡೆಯಿಂದ ಹೊರಟು ಚಿತ್ರದುರ್ಗವನ್ನು ಹಾದು, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಸೀಳಿಕೊಂಡು ಶ್ರೀರಂಗಪಟ್ಟಣದ ದಿಕ್ಕಿಗೆ ಇಳಿಯುವ ಒಂದು ಶಿಲಾಪಟ್ಟಿಯಿದೆ. ಭೂವಿಜ್ಞಾನಿಗಳು ಅದನ್ನು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಅದಕ್ಕೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಚಿಕ್ಕನಾಯಕನಹಳ್ಳಿಯ ಸುತ್ತ, ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ಕಡೆ ಈ ಪಟ್ಟಿ ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲುಗಳನ್ನು ಹೊತ್ತು ಗುಡ್ಡಸಾಲಾಗಿ ಎದ್ದಿದೆ. ಪೂರ್ವಕ್ಕೆ ಸರಿದಂತೆ ಕಬ್ಬಿಣ ಮುಗಿದು ಕಗ್ಗಲ್ಲು ಶುರು. ತುಮಕೂರು ನಗರದ ಸುತ್ತ, ಕುಣಿಗಲ್ ಕಡೆ ಇರುವುದೆಲ್ಲ ಗ್ರಾನೈಟ್ ಮತ್ತು ನೈಸ್. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಗಣಿ: ಪಡುವಣದಲ್ಲಿ ಅದಿರಿನ ಗಣಿ, ಮೂಡಣ-ತೆಂಕಣದಲ್ಲಿ ಕಲ್ಲುಕ್ವಾರಿ.

ಈ ಗುಡ್ಡಗಳ ಇನ್ನೊಂದು ಕೆಲಸ ನೀರು ಹಂಚುವುದು. ಒಂದು ಮಗ್ಗುಲಿಗೆ ಉರುಳಿದ ಮಳೆ ಸುವರ್ಣಮುಖಿ ಸೇರಿ, ಬೋರನಕಣಿವೆಯ ಕಟ್ಟೆಯಲ್ಲಿ ನಿಂತು, ವೇದಾವತಿ ಹಿಡಿದು ಕೃಷ್ಣೆಯ ಪಾಲಾಗುತ್ತದೆ. ಇನ್ನೊಂದು ಮಗ್ಗುಲಿನದು ಗುಬ್ಬಿ ಸೀಮೆಯ ಕೆರೆಗಳನ್ನು ತುಂಬುತ್ತ ಶಿಂಷೆಗೆ ಬಿದ್ದು ಕಾವೇರಿ ಸೇರುತ್ತದೆ. ಕೆಳಗೆ ತೆಂಗಿನ ತೋಟ, ಅಡಿಕೆ, ರಾಗಿ ಹೊಲ. ಗುಡ್ಡದ ನೆತ್ತಿಯಲ್ಲಿ ಏನು ಸಡಿಲವಾಗುತ್ತದೋ ಅದು ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದ ದಾರಿ ಹಿಡಿದು ಕೆರೆಯ ಅಂಗಳಕ್ಕೆ ಬರುತ್ತದೆ. ಪುನರುಜ್ಜೀವನ, ಪುನಶ್ಚೇತನ ಮುಂತಾದ ದೊಡ್ಡ ಮಾತುಗಳೆಲ್ಲ ಕೊನೆಗೆ ಈ ಹೂಳಿನ ಸಂಗತಿಗೇ ಬಂದು ನಿಲ್ಲುತ್ತವೆ.

ಇಲ್ಲಿ ಕಬ್ಬಿಣ ತೆಗೆಯುವುದು ಹೊಸತೇನಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದಿದ್ದ, ಚಿಕ್ಕನಾಯಕನಹಳ್ಳಿಗೂ ಹೋಗಿದ್ದ. ಸಂತೆ, ನೇಯ್ಗೆ, ತೆಂಗು-ಅಡಿಕೆಗಳ ಜತೆಗೆ ಈ ಭಾಗದ ಕಬ್ಬಿಣದ ಕೆಲಸವನ್ನೂ ಬರೆದಿಟ್ಟ. ಅದಿರು ಆಯ್ದು ತರುವುದು, ಇದ್ದಿಲಿನ ಕುಲುಮೆಯಲ್ಲಿ ಕಾಯಿಸುವುದು, ಬಡಿದು ನೇಗಿಲ ಗುಳ ಮಾಡುವುದು. ಆ ಕಸುಬು ಕಾಡಿನ ಸೌದೆಯನ್ನು ತಿಂದಿರಬಹುದು, ಗುಡ್ಡದ ಆಕಾರವನ್ನು ಕೆಡಿಸುವ ಕಸುವು ಅದಕ್ಕಿರಲಿಲ್ಲ. 20ನೇ ಶತಮಾನದಲ್ಲಿ ಮ್ಯಾಂಗನೀಸ್ ಗಣಿಗಳು ಬಂದವು. ಆಗಲೂ ಹಾರೆ, ಗುದ್ದಲಿ, ಬುಟ್ಟಿಗಳದ್ದೇ ಕಾರುಬಾರು. ಕೈಯಿಂದ ಅಗೆದ ಗುಂಡಿ ಆಳವಾದಷ್ಟೂ ಖರ್ಚು ಏರುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕೆಂಬುದನ್ನು ಯಾವ ಕಾನೂನೂ ಹೇಳಬೇಕಾಗಿರಲಿಲ್ಲ.

ಕಾನೂನು ಬಂದದ್ದು ತಡವಾಗಿ, ತುಂಡುತುಂಡಾಗಿ. 1957ರ ಗಣಿ ಕಾಯ್ದೆಗೆ ಖನಿಜ ಹೊರತೆಗೆಯುವುದೇ ಮುಖ್ಯವಾಗಿತ್ತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1988ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಲ್ಲಿ ಮೊದಲ ಸಲ ನೆಲದ ಬಗ್ಗೆ ನೇರವಾಗಿ ಮಾತು ಬಂತು. 32ರಿಂದ 34ರವರೆಗಿನ ನಿಯಮಗಳನ್ನು ಓದಿದರೆ ರೈತನೇ ಕೂತು ಬರೆಸಿದಂತಿದೆ. ಮೇಲ್ಮಣ್ಣನ್ನು ಬೇರೆ ತೆಗೆದು ಬೇರೆ ಇಡಬೇಕು, ಕೆಲಸ ಮುಗಿದ ಜಾಗಕ್ಕೆ ಅದನ್ನೇ ಹರಡಬೇಕು. ಕೆಲಸಕ್ಕೆ ಬಾರದ ಮಣ್ಣು-ಕಲ್ಲನ್ನು ಗೊತ್ತುಮಾಡಿದ ಜಾಗದಲ್ಲಿ ಜಾರದಂತೆ ರಾಶಿ ಹಾಕಬೇಕು, ಆಗುವ ಕಡೆ ಗುಂಡಿಗೇ ವಾಪಸು ತುಂಬಬೇಕು. ಗಣಿ ಮುಗಿಯುವ ತನಕ ಕಾಯದೆ ಹಂತಹಂತವಾಗಿ ನೆಲವನ್ನು ಸರಿಮಾಡುತ್ತ ಬರಬೇಕು. ಇದಕ್ಕಿಂತ ಹೆಚ್ಚಿನದನ್ನು ಇವತ್ತಿಗೂ ಯಾರೂ ಹೇಳಿಲ್ಲ. ಇಷ್ಟನ್ನೂ ಮಾಡದಿದ್ದರೆ ಯಾರ ದುಡ್ಡಿನಲ್ಲಿ ಮಾಡಿಸುವುದು ಎಂಬುದೊಂದೇ ಅಲ್ಲಿ ಇರಲಿಲ್ಲ.

1994ರ ಜನವರಿ 27ರಂದು ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಹೊರಡಿಸಿತು. 5 ಹೆಕ್ಟೇರಿಗಿಂತ ದೊಡ್ಡ ಗಣಿ ಶುರುವಾಗುವ ಮುನ್ನ ಅಧ್ಯಯನ ನಡೆದು ಅನುಮತಿ ಸಿಗಬೇಕಿತ್ತು. ಅದಕ್ಕೂ ಹಿಂದೆಯೇ ಗುತ್ತಿಗೆ ಪಡೆದವರು ತಮಗಿದು ಅನ್ವಯಿಸುವುದಿಲ್ಲ ಎಂದು ಸುಮ್ಮನಿದ್ದರು. ಗುತ್ತಿಗೆ ನವೀಕರಣಕ್ಕೂ ಇದು ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2004ರ ಮಾರ್ಚ್‌ನಲ್ಲಿ, ಹತ್ತು ವರ್ಷದ ಮೇಲೆ. 2003ರಲ್ಲಿ ಗಣಿ ಮುಚ್ಚುವ ಯೋಜನೆ ಕಡ್ಡಾಯವಾಯಿತು. ಲೇಖನದ ಮೊದಲಲ್ಲಿ ಹೇಳಿದ 25 ಸಾವಿರ ಬಂದದ್ದು ಆಗ. ದೊಡ್ಡ ಗಣಿಯಾದರೆ ಬಳಸುವ ನೆಲದ ಹೆಕ್ಟೇರಿಗೆ 25 ಸಾವಿರ, ಚಿಕ್ಕದಾದರೆ 15 ಸಾವಿರ ರೂಪಾಯಿಯ ಖಾತರಿಯನ್ನು ಭಾರತೀಯ ಗಣಿ ಬ್ಯೂರೋಗೆ ಕೊಟ್ಟಿರಬೇಕಿತ್ತು. ಮಾಲೀಕ ನೆಲ ಸರಿಮಾಡದೆ ಹೋದರೆ ಆ ಹಣ ಮುಟ್ಟುಗೋಲು.

ಈ ಮೊತ್ತ ಎಷ್ಟರದು? ಅದಿರಿಗೆ ಟನ್ನಿಗೆ ಬರೀ ಎರಡು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ 16 ಟನ್ ಹೇರಿದ ಒಂದು ಲಾರಿಯ ಮಾಲು 32 ಸಾವಿರ. ಒಂದು ಹೆಕ್ಟೇರ್ ಗುಡ್ಡವನ್ನು ಹಾಳುಗೆಡವಿ ಬಿಟ್ಟುಹೋದರೆ ಮಾಲೀಕನಿಗೆ ಆಗುವ ನಷ್ಟ ಒಂದು ಲಾರಿ ಲೋಡಿಗಿಂತ ಕಡಿಮೆ. ಯಾವ ಲೆಕ್ಕಿಗನೂ ಅವನಿಗೆ ನೆಲ ಸರಿಮಾಡು ಎಂದು ಬುದ್ಧಿ ಹೇಳುವುದಿಲ್ಲ.

ಇದೇ ಪ್ರಶ್ನೆಯನ್ನು ಅಮೆರಿಕ ಕಲ್ಲಿದ್ದಲಿನ ವಿಷಯದಲ್ಲಿ ಇನ್ನೊಂದು ರೀತಿಯಲ್ಲಿ ಬಿಡಿಸಿತ್ತು. 1972ರ ಫೆಬ್ರವರಿಯಲ್ಲಿ ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್ ಎಂಬ ಕಣಿವೆಯಲ್ಲಿ ಕಲ್ಲಿದ್ದಲು ಗಣಿಯ ಕೊಳೆನೀರಿನ ಕಟ್ಟೆ ಒಡೆದು 125 ಜನ ಸತ್ತರು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಎರಡು ಸಲ ಮಸೂದೆ ಮಾಡಿತು. ಅಧ್ಯಕ್ಷ ಫೋರ್ಡ್ ಎರಡು ಸಲವೂ ತಡೆದರು. ಕೊನೆಗೆ 1977ರ ಆಗಸ್ಟ್ 3ರಂದು ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ಆ ಕಾಯ್ದೆಯ ತಿರುಳು ಇಷ್ಟೇ: ಪರ್ಮಿಟ್ ಕೈಗೆ ಬರುವ ಮೊದಲೇ ಮಾಲೀಕ ಬಾಂಡ್ ಇಡಬೇಕು. ಮಾಲೀಕ ಓಡಿಹೋದರೆ ಸರ್ಕಾರವೇ ನಿಂತು ಆ ನೆಲವನ್ನು ಸರಿಮಾಡಿಸಲು ಎಷ್ಟು ಖರ್ಚಾದೀತೋ ಅಷ್ಟು ಬಾಂಡ್. ಗುಡ್ಡ ಮೊದಲು ಹೇಗಿತ್ತೋ ಹೆಚ್ಚುಕಡಿಮೆ ಅದೇ ಆಕಾರಕ್ಕೆ ತರಬೇಕು. ಗಿಡ ನೆಟ್ಟು ಮುಗಿದ ಮೇಲೂ ಐದು ವರ್ಷ ಜವಾಬ್ದಾರಿ ತಪ್ಪುವುದಿಲ್ಲ. ವರ್ಷಕ್ಕೆ 26 ಇಂಚು ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಕಡೆಯಾದರೆ ಹತ್ತು ವರ್ಷ. 26 ಇಂಚೆಂದರೆ ಸುಮಾರು 660 ಮಿಲಿಮೀಟರ್. ಚಿಕ್ಕನಾಯಕನಹಳ್ಳಿ-ಗುಬ್ಬಿ ಸೀಮೆಯ ಮಳೆ ಈ ಗೆರೆಯ ಆಸುಪಾಸಿನದೇ. ಬಯಲುಸೀಮೆಯಲ್ಲಿ ನೆಟ್ಟ ಸಸಿ ಒಂದು ಒಳ್ಳೆ ಮಳೆಗಾಲ ಕಂಡು ಎರಡು ಬರ ದಾಟಿದರೆ ಮಾತ್ರ ಮರವಾಗುತ್ತದೆ ಎಂಬುದು ಇಲ್ಲಿನ ಯಾವ ರೈತನಿಗೂ ಗೊತ್ತು. ಅದನ್ನು ಕಾನೂನಿನೊಳಗೆ ಬರೆದವರು ಅಮೆರಿಕದವರು. ಅಲ್ಲಿಯೂ ಎಲ್ಲ ಸರಿಹೋಯಿತೆಂದಲ್ಲ. 2015-16ರಲ್ಲಿ ದೊಡ್ಡ ದೊಡ್ಡ ಕಲ್ಲಿದ್ದಲು ಕಂಪನಿಗಳೇ ದಿವಾಳಿ ಎದ್ದಾಗ, ಕಂಪನಿಯ ಹೆಸರಿನ ಮೇಲೆ ನಂಬಿ ಬಿಟ್ಟಿದ್ದ ಬಾಂಡುಗಳ ಬಂಡವಾಳ ಬಯಲಾಯಿತು.

ನಮ್ಮಲ್ಲೂ ಕಲ್ಲಿದ್ದಲಿಗೆ ಒಂದು ನ್ಯಾಯ, ಕಬ್ಬಿಣಕ್ಕೆ ಇನ್ನೊಂದು. 2009ರ ಆಗಸ್ಟ್‌ನಲ್ಲಿ ಕಲ್ಲಿದ್ದಲು ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ತೆರೆದ ಗಣಿಯವರು ಹೆಕ್ಟೇರಿಗೆ 6 ಲಕ್ಷದ ಲೆಕ್ಕದಲ್ಲಿ ಎಸ್ಕ್ರೋ ಖಾತೆಗೆ, ಅಂದರೆ ಮನಬಂದಂತೆ ತೆಗೆಯಲಾಗದ ಠೇವಣಿ ಖಾತೆಗೆ, ವರ್ಷವರ್ಷವೂ ಹಣ ಕಟ್ಟಬೇಕಿತ್ತು. ಅದೇ ಹೊತ್ತಿಗೆ ಕಬ್ಬಿಣದ ಗಣಿಗೆ ಆರು ವರ್ಷ ಹಳೆಯ 25 ಸಾವಿರವೇ ಜಾರಿಯಲ್ಲಿತ್ತು. ಇಪ್ಪತ್ತನಾಲ್ಕು ಪಟ್ಟು ವ್ಯತ್ಯಾಸ. ಕಬ್ಬಿಣದ ಗುಡ್ಡಕ್ಕೆ ಇಷ್ಟು ಅಗ್ಗದ ಬೆಲೆ ಕಟ್ಟಿದ್ದ ವರ್ಷಗಳಲ್ಲೇ ಜಗತ್ತಿನಲ್ಲಿ ಕಬ್ಬಿಣಕ್ಕೆ ಎಂದೂ ಇಲ್ಲದ ಬೆಲೆ ಬಂತು.

ಆ ಕತೆ ನಾಡಿಗೆಲ್ಲ ಗೊತ್ತು. 2008ರ ಒಲಿಂಪಿಕ್ಸಿಗೆ ಸಜ್ಜಾಗುತ್ತಿದ್ದ ಚೀನಾ ಸಿಕ್ಕ ಅದಿರನ್ನೆಲ್ಲ ಕೊಳ್ಳುತ್ತಿತ್ತು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ತನಗಾಗಿ ಕಾಯ್ದಿಟ್ಟಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿ ಗಣಿಗಾರಿಕೆಗೆ ತೆರೆಯಿತು. ಸರ್ಕಾರಕ್ಕೆ ಸಲ್ಲುವ ರಾಜಧನ ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ. 2009ರ ಆಗಸ್ಟ್‌ವರೆಗೂ ಹಾಗೇ ಇತ್ತು. ಹಾರೆ-ಬುಟ್ಟಿಯ ಜಾಗಕ್ಕೆ ಹಿಟಾಚಿ, ಟಿಪ್ಪರ್ ಬಂದವು. ಹಳ್ಳಿ ರಸ್ತೆಗಳು ಕಿತ್ತುಹೋದವು. ದಾರಿ ಬದಿಯ ತೆಂಗಿನ ಗರಿ, ರಾಗಿ ತೆನೆ, ಮನೆಯ ಹೆಂಚು ಎಲ್ಲ ಕೆಂಪಾದವು.

ನಾಡಿನ ಕಣ್ಣೆಲ್ಲ ಬಳ್ಳಾರಿಯ ಮೇಲಿತ್ತು. 2010ರ ಜುಲೈ ಕೊನೆಗೆ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಅಕ್ರಮ ಗಣಿಗಾರಿಕೆಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರ್ ನಡೆದರು. ಆ ಹೆದ್ದಾರಿ ಹಾದುಹೋಗುವುದು ತುಮಕೂರು, ಶಿರಾ ಮೇಲೆ. ಪಾದಯಾತ್ರೆ ಹೋದ ದಾರಿಯ ಎಡಮಗ್ಗುಲಿಗೆ, ಕೆಲವೇ ಹರದಾರಿ ದೂರದಲ್ಲಿ, ಇದೇ ಕತೆಯ ಚಿಕ್ಕ ಪ್ರತಿ ನಡೆಯುತ್ತಿತ್ತು. ಲೋಕಾಯುಕ್ತರಿಗೆ 2007ರಲ್ಲಿ ಸರ್ಕಾರ ಒಪ್ಪಿಸಿದ್ದ ತನಿಖೆಯಲ್ಲಿ ಬಳ್ಳಾರಿಯ ಜತೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೆಸರೂ ಇತ್ತು. ಪತ್ರಿಕೆಯ ತಲೆಬರಹಗಳಲ್ಲಿ ಅವು ಬರಲಿಲ್ಲ ಅಷ್ಟೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಮೊದಲ ವರದಿ ಕೊಟ್ಟದ್ದು 2008ರ ಡಿಸೆಂಬರ್‌ನಲ್ಲಿ, ಎರಡನೆಯದು 2011ರ ಜುಲೈ 27ರಂದು. ನಾಲ್ಕು ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ರಾಜಕೀಯದ ಈ ಭಾಗವನ್ನು ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಮಗೆ ಬೇಕಾದದ್ದು ಅದೇ ವಾರ ದೆಹಲಿಯಲ್ಲಿ ಆದದ್ದು.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ, ಅಂದರೆ ಸಿಇಸಿ, ಸ್ಥಳ ನೋಡಿ ಒಂದರ ಮೇಲೊಂದು ವರದಿ ಕೊಟ್ಟಿತು. 2011ರ ಜುಲೈ 29ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ 26ರಂದು ಆ ಆದೇಶ ತುಮಕೂರು ಮತ್ತು ಚಿತ್ರದುರ್ಗಕ್ಕೂ ಬಂತು. ಸಕ್ರಮ, ಅಕ್ರಮ ಎಂದು ಬಿಡಿಸಿ ನೋಡದೆ ಎಲ್ಲವೂ ಬಂದ್. ಲಾರಿಗೆ ಸಾಲ ತೆಗೆದವರು, ಗಣಿ ಕೂಲಿಯವರು, ದಾರಿ ಬದಿಯ ಹೋಟೆಲಿನವರು ಒಂದೇ ಏಟಿಗೆ ಕೂತರು. ಅವರ ಕಷ್ಟ ಸಣ್ಣದಲ್ಲ. ಆದರೆ ಅಲ್ಲಿಯವರೆಗೆ ಯಾವ ಅಧಿಕಾರಿಯೂ ನಿಲ್ಲಿಸದಿದ್ದದ್ದನ್ನು ಹೀಗಲ್ಲದೆ ಬೇರೆ ಹೇಗೆ ನಿಲ್ಲಿಸಬಹುದಿತ್ತು ಎಂಬುದಕ್ಕೆ ನನಗೆ ಇವತ್ತಿಗೂ ಉತ್ತರ ಹೊಳೆದಿಲ್ಲ.

ಮುಂದೆ ನಡೆದದ್ದು ನಮ್ಮ ದೇಶದ ಗಣಿ ಚರಿತ್ರೆಯಲ್ಲಿ ಅದುವರೆಗೆ ಕಂಡಿರದ ಕೆಲಸ. ಅರಣ್ಯ, ಕಂದಾಯ, ಗಣಿ ಇಲಾಖೆಯವರ ಜಂಟಿ ತಂಡಗಳು ಉಪಗ್ರಹದ ನೆರವಿನ ಯಂತ್ರಗಳನ್ನು ಹಿಡಿದು ಗುತ್ತಿಗೆ ಗುತ್ತಿಗೆಗೂ ಹೋಗಿ ಅಳೆದವು. ಕಾಗದದ ಮೇಲಿನ ಗಡಿ ಎಲ್ಲಿ, ಗುಂಡಿ ಎಲ್ಲಿಯವರೆಗೆ ಹೋಗಿದೆ, ಮಣ್ಣಿನ ರಾಶಿ ಯಾರ ಜಾಗದಲ್ಲಿದೆ ಎಂದು ಗುರುತು ಹಾಕಿದವು. 2012ರ ಫೆಬ್ರವರಿ 3ರಂದು ಸಿಇಸಿ ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಮೂರು ಗುಂಪು ಮಾಡಿತು. ಅಕ್ರಮವಿಲ್ಲದ ಅಥವಾ ನೆಪಮಾತ್ರದ ತಪ್ಪಿನ 45 ಗುತ್ತಿಗೆಗಳು 'ಎ'. ಗಡಿ ದಾಟಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ. 10ರೊಳಗೆ, ಗಡಿ ದಾಟಿದ ರಾಶಿ ಶೇ. 15ರೊಳಗೆ ಇದ್ದ 72 ಗುತ್ತಿಗೆಗಳು 'ಬಿ'. ಅದನ್ನೂ ಮೀರಿದ 49 'ಸಿ'. ಊರಿನ ಶಾಲಾಮಕ್ಕಳೂ ಎ, ಬಿ, ಸಿ ಎಂದರೆ ಗಣಿ ಎಂದು ತಿಳಿಯುವಷ್ಟು ಈ ಅಕ್ಷರಗಳು ಆಗ ಬಾಯಲ್ಲಿದ್ದವು.

ಗಣಿ ಮತ್ತೆ ತೆರೆಯಬೇಕಾದರೆ ಮೊದಲು ಆರ್ ಅಂಡ್ ಆರ್ ಯೋಜನೆ ಬೇಕೆಂದು ಕೋರ್ಟು ಹೇಳಿತು. ಪುನರುಜ್ಜೀವನ ಮತ್ತು ಪುನರ್ವಸತಿ ಯೋಜನೆ. ಇದನ್ನು ಮಾಲೀಕ ತನಗೆ ಬೇಕಾದ ಸಲಹೆಗಾರರಿಂದ ಬರೆಸಿ ತರುವ ಹಾಗಿಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಪ್ರತಿ ಗುತ್ತಿಗೆಗೂ ಬೇರೆಬೇರೆಯಾಗಿ ತಯಾರಿಸಬೇಕು, ಖರ್ಚು ಮಾಲೀಕನದು, ಒಪ್ಪಿಗೆ ಸಿಇಸಿಯದು. ಪರಿಸರ ಪರಿಶೀಲನೆಯ ವರದಿಯನ್ನು ಯಾರಿಗೆ ಅನುಮತಿ ಬೇಕೋ ಅವರೇ ದುಡ್ಡು ಕೊಟ್ಟು ಬರೆಸುವ ರೂಢಿ ನಮ್ಮದು. ಆ ರೂಢಿಯನ್ನು ಮುರಿದದ್ದೇ ಈ ಯೋಜನೆಯ ದೊಡ್ಡ ಗುಣ.

ಅದರಲ್ಲಿ ಏನಿತ್ತು? ಗಡಿಗೆ ಕಂಬ ನೆಡುವುದು. ರಾಶಿಯ ಬುಡಕ್ಕೆ ಕಲ್ಲಿನ ತಡೆಗೋಡೆ. ರಾಶಿಯ ಸುತ್ತ ಹೂಮಾಲೆಯಂತೆ ಕಾಲುವೆ, ಕಾಲುವೆಯ ಕೊನೆಗೆ ಹೂಳು ಇಳಿಯುವ ಹೊಂಡ. ಕೊರಕಲುಗಳಿಗೆ ಕಲ್ಲು ತುಂಬಿ ತಡೆ, ಹಳ್ಳಕ್ಕೆ ಅಡ್ಡಲಾಗಿ ಸಣ್ಣ ಸಣ್ಣ ಒಡ್ಡು. ಕಡಿದಾದ ರಾಶಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ತೆಂಗಿನ ನಾರಿನ ಚಾಪೆ ಹೊದಿಸಿ, ಹುಲ್ಲುಬೀಜ ಚೆಲ್ಲಿ, ಊರ ಜಾತಿಯ ಗಿಡ ನೆಡುವುದು. ಕೊಬ್ಬರಿ ಸೀಮೆಯ ಗುಡ್ಡಕ್ಕೆ ಕೊನೆಗೆ ತೆಂಗಿನ ನಾರೇ ಕಾವಲಿಗೆ ಬಂತು. ಇವೆಲ್ಲ 1988ರ ನಿಯಮದಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದ್ದವೇ. ಹೊಸದಾಗಿ ಸೇರಿದ್ದು ಉತ್ಪಾದನೆಯ ಮಿತಿ. ಗುತ್ತಿಗೆಯಲ್ಲಿ ಉಳಿದ ಅದಿರೆಷ್ಟು, ಮಣ್ಣು ರಾಶಿ ಹಾಕಲು ಜಾಗವೆಷ್ಟು, ಅಲ್ಲಿಂದ ಹೊರಡುವ ರಸ್ತೆ ಎಷ್ಟು ಲಾರಿ ತಡೆಯಬಲ್ಲದು ಎಂಬ ಮೂರು ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ವರ್ಷಕ್ಕೆ ತೆಗೆಯಬೇಕು. ಹಳ್ಳಿಯ ರಸ್ತೆಯ ತಾಕತ್ತಿನಿಂದ ಗಣಿಯ ಅಳತೆ ನಿಗದಿಯಾಗಬೇಕು ಎಂಬುದು ಕೇಳಲು ಸಾಧಾರಣ ಮಾತು. ನಮ್ಮ ಆಡಳಿತ ಅಲ್ಲಿಯವರೆಗೆ ಅದನ್ನು ಯೋಚಿಸಿದ್ದ ಕುರುಹಿಲ್ಲ. ಜಿಲ್ಲೆಗೂ ಮಿತಿ ಬಂತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರು ಎರಡಕ್ಕೂ ಸೇರಿ 50 ಲಕ್ಷ ಟನ್.

2012ರ ಸೆಪ್ಟೆಂಬರ್‌ನಲ್ಲಿ 'ಎ' ಗಣಿಗಳಲ್ಲಿ ಕೆಲವಕ್ಕೆ ಮೊದಲ ಬಿಡುಗಡೆ. 2013ರ ಏಪ್ರಿಲ್ 18ರಂದು ಅಂತಿಮ ತೀರ್ಪು. 'ಸಿ' ಗುತ್ತಿಗೆಗಳು ರದ್ದು. 'ಬಿ'ಯವರು ಗಡಿ ದಾಟಿ ತೋಡಿದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಗಡಿ ದಾಟಿದ ರಾಶಿ, ರಸ್ತೆ, ಕಚೇರಿಗಳಿಗೆ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕು. 25 ಸಾವಿರಕ್ಕೂ 5 ಕೋಟಿಗೂ ಎರಡು ಸಾವಿರ ಪಟ್ಟು ಅಂತರ. ಒಂದು ಪ್ರಾಮಾಣಿಕನ ಠೇವಣಿ, ಇನ್ನೊಂದು ತಪ್ಪಿತಸ್ಥನ ದಂಡ ಎಂಬುದು ನಿಜ. ಆದರೂ ಮೊದಲೇ ಸರಿಯಾದ ಠೇವಣಿ ಇಟ್ಟುಕೊಂಡಿದ್ದರೆ ದಂಡದ ತನಕ ಬರಬೇಕಾಗಿತ್ತೇ ಎಂದು ಕೇಳಬಹುದಲ್ಲ? 2017ರಲ್ಲಿ ಕೇಂದ್ರ ಹೊಸ ನಿಯಮ ತಂದು ಠೇವಣಿಯನ್ನು ಹೆಕ್ಟೇರಿಗೆ 3 ಲಕ್ಷಕ್ಕೆ ಏರಿಸಿತು. ಕಲ್ಲಿದ್ದಲಿನವರು ಎಂಟು ವರ್ಷ ಹಿಂದೆಯೇ ಕಟ್ಟುತ್ತಿದ್ದುದರ ಅರ್ಧ.

ಇನ್ನು ಜಿಲ್ಲೆಯ ಆ ಕಡೆ, ಕಲ್ಲುಕ್ವಾರಿಗಳ ಕಡೆ. ಕುಣಿಗಲ್ಲಿನ ಕೆರೆ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತು, ಅಲ್ಲಿನ ಕುದುರೆ ಫಾರಂ ರೇಸಿನವರಿಗೆ ಗೊತ್ತು. ಕುಣಿಗಲ್ಲಿನ ಕಲ್ಲು ಎಲ್ಲಿ ಹೋಗುತ್ತದೆ ಎಂಬುದು ಬೆಂಗಳೂರಿಗೆ ಗೊತ್ತು. ರಾಜಧಾನಿ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಹೊಟ್ಟೆ ಹಿಗ್ಗಿಸಿಕೊಳ್ಳುತ್ತಿರುವಾಗ ಕುಣಿಗಲ್ ಮತ್ತು ತುಮಕೂರಿನ ಬಂಡೆಗಳು ಜಲ್ಲಿ, ಎಂ-ಸ್ಯಾಂಡ್ ಆಗದೆ ಉಳಿಯುವುದು ಕಷ್ಟ. ಕಲ್ಲನ್ನು ಕಾನೂನು ಉಪಖನಿಜ ಎನ್ನುತ್ತದೆ. 5 ಹೆಕ್ಟೇರಿಗಿಂತ ಸಣ್ಣ ಕ್ವಾರಿಗೆ ಪರಿಸರ ಪರಿಶೀಲನೆಯೇ ಬೇಕಿರಲಿಲ್ಲ. ಹಾಗಾಗಿ ಒಂದೇ ಗುಡ್ಡವನ್ನು ಐದಕ್ಕಿಂತ ಕಡಿಮೆಯ ತುಂಡುಗಳಾಗಿ ಹಂಚಿಕೊಳ್ಳುವ ಜಾಣತನ ದೇಶದುದ್ದಕ್ಕೂ ಬೆಳೆಯಿತು. 2012ರ ಫೆಬ್ರವರಿ 27ರಂದು, ಹರಿಯಾಣದ ಒಂದು ಮೊಕದ್ದಮೆಯಲ್ಲಿ, ಐದು ಹೆಕ್ಟೇರಿಗಿಂತ ಸಣ್ಣದಕ್ಕೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ಅಧಿಕಾರವನ್ನು ಜಿಲ್ಲಾಮಟ್ಟದ ಪ್ರಾಧಿಕಾರಕ್ಕೆ ಕೊಟ್ಟಿತು, 2018ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಹೀಗೆ ಎಳೆದಾಟ ನಡೆಯುತ್ತಲೇ ಇದೆ. ಅದಿರಿನ ಗಣಿಗೆ ಬಂದಂಥ ಗುತ್ತಿಗೆವಾರು ಅಳತೆ, ಡೆಹ್ರಾಡೂನಿನ ತಂಡ, ಜಿಲ್ಲಾ ಮಿತಿ ಯಾವುದೂ ಕಲ್ಲುಕ್ವಾರಿಗೆ ಬರಲಿಲ್ಲ. ಕಲ್ಲು ತೆಗೆದ ಗುಂಡಿಗೆ ವಾಪಸು ತುಂಬಲು ಮಣ್ಣೂ ಇರುವುದಿಲ್ಲ, ತೆಗೆದದ್ದೆಲ್ಲ ಮಾರಾಟವಾಗಿರುತ್ತದೆ. ನೀರು ನಿಂತ, ಬೇಲಿಯಿಲ್ಲದ ಕಡಿದಾದ ಹೊಂಡವಷ್ಟೇ ಉಳಿಯುವುದು.

ಮತ್ತೆ ಅದಿರಿನ ಗಣಿಗೆ ಬಂದರೆ, ದಂಡದ ಹಣ, 'ಸಿ' ಗಣಿಗಳ ಮುಟ್ಟುಗೋಲಿನ ಹಣ, ಅದಿರು ಮಾರಾಟದಲ್ಲಿ ಕಡಿದಿಟ್ಟ ಪಾಲು ಎಲ್ಲ ಸೇರಿ ದೊಡ್ಡ ಗಂಟಾಯಿತು. ಅದನ್ನು ಖರ್ಚು ಮಾಡಲೆಂದು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಯೋಜನೆ ಬರೆಯುವುದು, ಸಿಇಸಿ ನೋಡುವುದು, ಕೋರ್ಟು ತಿದ್ದುವುದು, ಇದರಲ್ಲೇ ವರ್ಷಗಳು ಹೋದವು. 2022ರಲ್ಲಿ ಕೋರ್ಟು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ದಾರಿ ಬಿಟ್ಟು, ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು, ಈ ನಾಲ್ಕು ಜಿಲ್ಲೆಗಳಿಗೆ ಸಲ್ಲುವ ಹಣ. ಪಟ್ಟಿಯಲ್ಲಿ ಕುಡಿಯುವ ನೀರು, ರಸ್ತೆ, ರೈಲು, ಆಸ್ಪತ್ರೆ, ಶಾಲೆ ಎಲ್ಲ ಇವೆ. ಗಣಿ ಧೂಳು ಕುಡಿದ ಊರಿಗೆ ಆಸ್ಪತ್ರೆ ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ಆಸ್ಪತ್ರೆ, ಶಾಲೆ ಕಟ್ಟುವುದು ಸರ್ಕಾರ ಹೇಗೂ ಮಾಡಬೇಕಾದ ಕೆಲಸ. ನೆಲ ಸರಿಮಾಡಲೆಂದೇ ಬಂದ ಹಣದಲ್ಲಿ ಗುಡ್ಡಕ್ಕೆ, ಹಳ್ಳಕ್ಕೆ, ಕೆರೆಯ ಹೂಳಿಗೆ ಮೊದಲ ಪಾಲು ಸಿಗಬೇಕಿತ್ತು ಎಂಬುದು ನನ್ನ ವಾದ.

ಇತ್ತ ಅದಿರು ಉತ್ಪಾದನೆಯ ಮಿತಿ ಸಡಿಲವಾಗುತ್ತ ಬಂತು. 2017ರ ಡಿಸೆಂಬರ್‌ನಲ್ಲಿ ಚಿತ್ರದುರ್ಗ-ತುಮಕೂರಿನ 50 ಲಕ್ಷ ಟನ್ 70 ಲಕ್ಷವಾಯಿತು. 2022ರ ಮೇ 20ರಂದು ಕೋರ್ಟು ಅದಿರನ್ನು ಇ-ಹರಾಜಿನಲ್ಲೇ ಮಾರಬೇಕೆಂಬ ಕಟ್ಟು ಬಿಚ್ಚಿ, ರಫ್ತಿಗೂ ದಾರಿ ಬಿಟ್ಟಿತು. ಅದೇ ವರ್ಷ ಆಗಸ್ಟ್ 26ರಂದು 70 ಲಕ್ಷ 1.5 ಕೋಟಿ ಟನ್ನಾಯಿತು. ಬಳ್ಳಾರಿಗೆ ಏರಿಸಿದ್ದು ಕಾಲುಪಾಲು, ನಮಗೆ ದುಪ್ಪಟ್ಟಿಗಿಂತ ಹೆಚ್ಚು. ತುಮಕೂರಿನ ಗಣಿ ನಿಲ್ಲಿಸಿದ ಆದೇಶಕ್ಕೆ ಅಂದಿಗೆ ಸರಿಯಾಗಿ ಹನ್ನೊಂದು ವರ್ಷ. ಹಳ್ಳಿಯ ರಸ್ತೆ ತಡೆಯುವಷ್ಟೇ ಅದಿರು ಎಂಬ ಮೂಲ ಲೆಕ್ಕ ಈಗಲೂ ಗುತ್ತಿಗೆ ಗುತ್ತಿಗೆಯ ಯೋಜನೆಯಲ್ಲಿ ಇರಬೇಕು. ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವವರು ಯಾರು?

ಗುಬ್ಬಿ, ಚಿಕ್ಕನಾಯಕನಹಳ್ಳಿ, ಕುಣಿಗಲ್ಲಿನ ಓದುಗರಿಗೆ ಎರಡು ಮಾತು. ಪರಿಸರ ಅನುಮತಿ ಪಡೆದ ಪ್ರತಿ ಗಣಿಯವರೂ ಷರತ್ತುಗಳನ್ನು ಎಷ್ಟರಮಟ್ಟಿಗೆ ಪಾಲಿಸಿದ್ದೇವೆ ಎಂದು ಜೂನ್ 1 ಮತ್ತು ಡಿಸೆಂಬರ್ 1ರಂದು ವರ್ಷಕ್ಕೆರಡು ವರದಿ ಸಲ್ಲಿಸಬೇಕು. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪ್ರಕಾರ ಅವು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಕೇಳಿ ಪಡೆಯಬಹುದು. ಹೊಸ ಗಣಿಗೆ ಜಿಲ್ಲಾಧಿಕಾರಿಗಳ ಮುಂದೆ ಸಾರ್ವಜನಿಕ ಅಹವಾಲು ಸಭೆ ನಡೆಯುವಾಗ ವರದಿಯ ಸಾರಾಂಶವನ್ನು ಕನ್ನಡದಲ್ಲೂ ಕೊಡಲೇಬೇಕು. ಆ ಸಭೆಗಳಲ್ಲಿ ಕೆಲಸ ಎಷ್ಟು ಜನಕ್ಕೆ ಕೊಡುತ್ತೀರಿ ಎಂದು ಕೇಳುವವರು ಇದ್ದೇ ಇರುತ್ತಾರೆ, ಕೇಳಲಿ. ಅದರ ಜತೆಗೆ ಹೆಕ್ಟೇರಿಗೆ ಎಷ್ಟು ಠೇವಣಿ ಇಟ್ಟಿದ್ದೀರಿ, ಮೇಲ್ಮಣ್ಣು ಎಲ್ಲಿ ಇಡುತ್ತೀರಿ, ನಮ್ಮ ಕೆರೆಗೆ ಬರುವ ಹಳ್ಳಕ್ಕೆ ಎಷ್ಟು ಒಡ್ಡು ಹಾಕುತ್ತೀರಿ ಎಂಬ ಮೂರು ಪ್ರಶ್ನೆಗಳನ್ನೂ ಕೇಳಿ, ಕೇಳಿದ್ದು ನಡಾವಳಿಯಲ್ಲಿ ಬರೆಯುವ ತನಕ ಕುರ್ಚಿ ಬಿಟ್ಟು ಏಳಬೇಡಿ.